ಗೇಟು ಕೂಗಿದರೆ ಯಾರೂ ಕಳ್ಳರಾಗುವುದಿಲ್ಲ

ದಾವಣಗೆರೆಯಲ್ಲಿ ಬಟ್ಟೆ, ದಿನಸಿ ಮತ್ತು ಔಷಧ ಅಂಗಡಿಗಳ ಮಾಲೀಕರು ಹಾಗೂ ಸಿಬ್ಬಂದಿ ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ ಇದು. ಮಾತಿನ ಭರದಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಗೆ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಅಂಗಡಿಯ ಬಾಗಿಲಲ್ಲಿ ಎರಡು ಕಂಬಗಳನ್ನು ನಿಲ್ಲಿಸುವುದು, ಅವು ಕೆಟ್ಟಾಗ ದುರಸ್ತಿ ಮಾಡುವುದು ನನ್ನ ಕೆಲಸ. ಕಳ್ಳತನ ತಡೆಯಲೆಂದು ಸರಕಿಗೆ ಹಾಕಿದ ಟ್ಯಾಗ್ ನಡುವೆ ಹಾದುಹೋದರೆ ಕೂಗುವ ಕಂಬಗಳಿವು, ಇವಕ್ಕೇ ಗೇಟು ಎನ್ನುತ್ತೇವೆ. ದಾವಣಗೆರೆ, ಹರಿಹರ, ರಾಣೇಬೆನ್ನೂರು, ಚಿತ್ರದುರ್ಗ ಈ ಸುತ್ತಿನಲ್ಲಿಯೇ ನನ್ನ ಓಡಾಟ. ಯಾವ ಕಂಪನಿಯ ಗೇಟು ಒಳ್ಳೆಯದು, ಯಾವುದು ಅಗ್ಗ ಎಂದು ಹೇಳಬೇಕೆಂದು ಸಂಘಟಕರು ಕೇಳಿದ್ದರು. ಆ ಮಾತನ್ನು ಆಮೇಲೆ ಚಹಾ ಕುಡಿಯುತ್ತಾ ಆಡೋಣ. ಅದಕ್ಕಿಂತ ಮುಖ್ಯವಾದ ಒಂದು ವಿಷಯವಿದೆ: ಆ ಗೇಟು ಕೂಗಿದಾಗ ಅದು ನಿಜವಾಗಿ ಏನು ಹೇಳುತ್ತಿದೆ? ಇದು ತಿಳಿಯದೆ ಗೇಟು ಹಾಕಿಸಿಕೊಂಡ ಅಂಗಡಿಗಳಲ್ಲಿ ಮರ್ಯಾದಸ್ಥ ಗಿರಾಕಿಗಳು ಕಣ್ಣೀರು ಹಾಕಿದ್ದನ್ನು ನೋಡಿದ್ದೇನೆ. ಆದ್ದರಿಂದ ಇವತ್ತು ಅದನ್ನೇ ಮಾತನಾಡುತ್ತೇನೆ.

ನಮ್ಮ ಮಂಡಿಪೇಟೆ, ಚೌಕಿಪೇಟೆಯ ಹಳೆಯ ಅಂಗಡಿಗಳಿಗೆ ಈ ಕಂಬಗಳು ಬೇಕಾಗಿರಲಿಲ್ಲ. ಬಿಳಿ ಹಾಸಿನ ಮೇಲೆ ಗಿರಾಕಿ ಕೂರುತ್ತಿದ್ದರು. ಸೀರೆ ಕಪಾಟಿನಿಂದ ಇಳಿಯುತ್ತಿದ್ದುದು ಅಂಗಡಿಯವನ ಕೈಯಿಂದ, ಮತ್ತೆ ಮಡಿಕೆಯಾಗಿ ಕಪಾಟು ಸೇರುತ್ತಿದ್ದುದೂ ಅವನ ಕೈಯಿಂದಲೇ. ಸರಕು ಮತ್ತು ಗಿರಾಕಿಯ ನಡುವೆ ಯಾವಾಗಲೂ ಒಬ್ಬ ಮನುಷ್ಯ ಇರುತ್ತಿದ್ದ. ಆ ಮನುಷ್ಯನನ್ನು ಮೊದಲು ತೆಗೆದದ್ದು ಅಮೆರಿಕದಲ್ಲಿ. 1916ರಲ್ಲಿ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬವರು ಪಿಗ್ಲಿ ವಿಗ್ಲಿ ಎಂಬ ದಿನಸಿ ಅಂಗಡಿ ತೆರೆದು, ಬುಟ್ಟಿಯನ್ನು ಗಿರಾಕಿಯ ಕೈಗೇ ಕೊಟ್ಟರು. ಬೇಕಾದ್ದನ್ನು ನೀವೇ ಆರಿಸಿಕೊಳ್ಳಿ, ಹೊರಗೆ ಹೋಗುವಾಗ ಹಣ ಕೊಡಿ ಎಂಬ ಏರ್ಪಾಡು ಅದು. ಸಂಬಳದ ಖರ್ಚು ಇಳಿಯಿತು, ಮಾರಾಟ ಏರಿತು. ಕೈಗೆ ಎಟಕುವ ಸರಕು ಚೀಲಕ್ಕೂ ಎಟಕುತ್ತದೆ ಎಂಬುದು ಅದರ ಜೊತೆಗೇ ಬಂತು. ಇವತ್ತು ಪಿ.ಬಿ. ರಸ್ತೆಯ ಉದ್ದಕ್ಕೂ ಇರುವ ದೊಡ್ಡ ಅಂಗಡಿಗಳೆಲ್ಲ ಆ ಪದ್ಧತಿಯವೇ.

ಟ್ಯಾಗಿನ ಕಥೆ ಅರ್ಧ ಶತಮಾನ ತಡವಾಗಿ ಶುರುವಾಯಿತು. ಲೋಹದ ತುಂಡನ್ನು ಬದಲಾಗುವ ಕಾಂತಕ್ಷೇತ್ರದಲ್ಲಿಟ್ಟು ಅದರ ಗುರುತು ಹಿಡಿಯುವ ವಿಧಾನಕ್ಕೆ ಪಿಕಾರ್ ಎಂಬ ಫ್ರೆಂಚ್ ಸಂಶೋಧಕರು 1934ರಲ್ಲೇ ಪೇಟೆಂಟ್ ಪಡೆದಿದ್ದರು. ಆದರೆ ಅಂಗಡಿಯ ಬಾಗಿಲಿಗೆ ಅದು ಬಂದದ್ದು 1960ರ ದಶಕದಲ್ಲಿ. ಒಹಾಯೊ ರಾಜ್ಯದ ಅಕ್ರನ್‌ನಲ್ಲಿ ದಿನಸಿ ಅಂಗಡಿಯೊಂದರ ಮ್ಯಾನೇಜರ್ ಆಗಿದ್ದ ರಾನ್ ಅಸಾಫ್ ಎಂಬವರು ವೈನ್ ಬಾಟಲಿ ಹೊತ್ತು ಓಡಿದವನ ಬೆನ್ನಟ್ಟಿದರು, ಹಿಡಿಯಲಾಗಲಿಲ್ಲ. ಅವರು ತಮ್ಮ ಸಂಬಂಧಿ ಜ್ಯಾಕ್ ವೆಲ್ಶ್ ಅವರ ಜೊತೆ ಸೇರಿ ಕಟ್ಟಿದ ಕೆಲಸವೇ 1966ರಲ್ಲಿ ಸೆನ್ಸರ್‌ಮ್ಯಾಟಿಕ್ ಕಂಪನಿಯಾಯಿತು. ಅದೇ ಕಾಲದಲ್ಲಿ ಆರ್ಥರ್ ಮಿನಾಸಿ ಎಂಬ ಇನ್ನೊಬ್ಬರು ಇದೇ ದಾರಿಯಲ್ಲಿ ಇದ್ದರು. ಇಷ್ಟು ಸಾಕು, ಚರಿತ್ರೆಗಿಂತ ಟ್ಯಾಗಿನ ಒಳಗೆ ಏನಿದೆ ಎಂಬುದು ಹೆಚ್ಚು ಸ್ವಾರಸ್ಯದ್ದು.

ನಿಮ್ಮ ಕೈಗೆ ಒಂದೊಂದು ಬಿಳಿ ಲೇಬಲ್ ಕೊಟ್ಟಿದ್ದೇನೆ. ಬೆರಳಷ್ಟು ಉದ್ದ, ಸ್ವಲ್ಪ ಉಬ್ಬಿದ ಪ್ಲಾಸ್ಟಿಕ್. ಬೆಲೆಬಾಳುವ ಶಾಂಪೂ ಬಾಟಲಿಯ ಮೇಲೋ ಬ್ಲೇಡಿನ ಪೊಟ್ಟಣದ ಮೇಲೋ ಇದನ್ನು ನೋಡಿರುತ್ತೀರಿ. ಇದರ ಮೇಲೆ ಬಾರ್‌ಕೋಡಿನಂತೆ ಕಾಣುವ ಗೆರೆಗಳಿದ್ದರೆ ಅವುಗಳಿಗೆ ಅರ್ಥವಿಲ್ಲ, ಅವು ಬರೀ ಮುದ್ರಣ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಏನೋ ಸಡಿಲವಾಗಿ ಕದಲುವ ಸಣ್ಣ ಸದ್ದು ಬರುತ್ತದೆ. ಇದರ ಅಂಚನ್ನು ಬಿಡಿಸಿದರೆ ಟೊಳ್ಳಾದ ಜಾಗದಲ್ಲಿ ಬೆಳ್ಳಿ ಬಣ್ಣದ, ಊದಿದರೆ ಹಾರಿಹೋಗುವಷ್ಟು ಹಗುರವಾದ ಲೋಹದ ಪಟ್ಟಿ ಸಿಗುತ್ತದೆ. ಕೆಲವು ಲೇಬಲ್‌ಗಳಲ್ಲಿ ಒಂದರ ಮೇಲೊಂದು ಎರಡು ಇರುತ್ತವೆ. ಅದರ ಕೆಳಗೆ, ಪ್ಲಾಸ್ಟಿಕ್ ಪದರದ ಆಚೆ, ಅಲ್ಲಾಡದಂತೆ ಅಂಟಿಕೊಂಡ ಇನ್ನೊಂದು ಪಟ್ಟಿ. ಬ್ಯಾಟರಿ ಇಲ್ಲ, ಚಿಪ್ ಇಲ್ಲ, ತಂತಿ ಇಲ್ಲ.

ಸಡಿಲವಾಗಿರುವ ಪಟ್ಟಿಯೇ ಇದರ ಜೀವ. ಕರಗಿದ ಮಿಶ್ರಲೋಹ ಹರಳುಗಟ್ಟಲು ಪುರಸೊತ್ತು ಸಿಗದಷ್ಟು ವೇಗವಾಗಿ ತಣಿಸಿ ಅದನ್ನು ತಯಾರಿಸುತ್ತಾರೆ. ಕಾಂತಕ್ಷೇತ್ರ ಬದಲಾದಂತೆ ಅದು ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ, ಕುಗ್ಗುತ್ತದೆ. ಅದರ ಉದ್ದವನ್ನು ಎಷ್ಟು ಕರಾರುವಾಕ್ಕಾಗಿ ಕತ್ತರಿಸಿರುತ್ತಾರೆಂದರೆ, ಸೆಕೆಂಡಿಗೆ 58,000 ಬಾರಿ ಬದಲಾಗುವ ಕಾಂತಕ್ಷೇತ್ರ ಸಿಕ್ಕರೆ ಮಾತ್ರ ಅದು ಮೈತುಂಬಿ ಕಂಪಿಸುತ್ತದೆ. ಬಾಗಿಲ ಕಂಬ ಕಳುಹಿಸುವುದು ಅದೇ 58 ಕಿಲೋಹರ್ಟ್ಸ್ ಸಂಕೇತವನ್ನು, ಅದೂ ಬಿಟ್ಟುಬಿಟ್ಟು, ಸೆಕೆಂಡಿಗೆ ಐವತ್ತರಿಂದ ತೊಂಬತ್ತು ಬಾರಿ. ಒಂದು ಹೊಡೆತ, ಆಮೇಲೆ ಮೌನ. ಗುಡಿಯ ಗಂಟೆ ಹೊಡೆದು ಕೈ ತೆಗೆದ ಮೇಲೂ ನಾದ ಉಳಿಯುವ ಹಾಗೆ ಪಟ್ಟಿಯ ಕಂಪನ ಆ ಮೌನದಲ್ಲಿ ಒಂದು ಕ್ಷಣ ಉಳಿಯುತ್ತದೆ. ಎದುರು ಕಂಬ ಆ ಉಳಿದ ನಾದಕ್ಕಾಗಿಯೇ ಕಿವಿಗೊಟ್ಟು ಕಾಯುತ್ತಿರುತ್ತದೆ. ಒಂದೇ ಸಲ ಕೇಳಿಸಿದರೆ ಅದು ಕೂಗುವುದಿಲ್ಲ. ಅದೇ ಆವರ್ತನ, ಅದೇ ಹೊತ್ತಿಗೆ, ಮತ್ತೆ ಮತ್ತೆ ಬಂದರೆ ಮಾತ್ರ ಕೂಗುತ್ತದೆ.

ಕೆಳಗೆ ಅಂಟಿರುವ ಪಟ್ಟಿ ಒಂದು ಅಯಸ್ಕಾಂತ. ಅದರ ಆಸರೆಯಿಂದಲೇ ಮೇಲಿನ ಪಟ್ಟಿ ಸರಿಯಾದ ಶ್ರುತಿಯಲ್ಲಿರುತ್ತದೆ. ಬಿಲ್ಲಿನ ಕೌಂಟರಿನ ಮೇಲಿರುವ ಚಪ್ಪಟೆ ಪ್ಯಾಡ್ ಆ ಅಯಸ್ಕಾಂತದ ಬಲವನ್ನು ಕಳೆಯುತ್ತದೆ, ಶ್ರುತಿ ತಪ್ಪುತ್ತದೆ, ಗೇಟು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬಿಲ್ಲು ಮಾಡುವವರು ಅವಸರದಲ್ಲಿ ಬಾಟಲಿಯನ್ನು ಪ್ಯಾಡಿನ ಮೇಲೆ ಎತ್ತರದಲ್ಲಿ ಬೀಸಿ ಚೀಲಕ್ಕೆ ಹಾಕಿದರೆ ಆ ಬಲ ಪೂರ್ತಿ ಕಳೆಯದೆ ಉಳಿಯಬಹುದು. ಇದನ್ನು ದಯವಿಟ್ಟು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ಬಗೆಯದು ಕಾಗದದ ಚೌಕ ಲೇಬಲ್. ಬೆಳಕಿಗೆ ಹಿಡಿದರೆ ಒಳಗೆ ಸುರುಳಿಯಾಗಿ ಸುತ್ತಿದ ಅಲ್ಯೂಮಿನಿಯಂ ಗೆರೆ ಕಾಣುತ್ತದೆ. ಅದು ಸಣ್ಣ ರೇಡಿಯೋ ಸರ್ಕ್ಯೂಟ್, ಸುಮಾರು 8.2 ಮೆಗಾಹರ್ಟ್ಸ್‌ಗೆ ಸ್ಪಂದಿಸುತ್ತದೆ. ಅಗ್ಗ, ಆದರೆ ಲೋಹದ ಪಕ್ಕದಲ್ಲಿ ದಾರಿ ತಪ್ಪುತ್ತದೆ. ತುಪ್ಪದ ಡಬ್ಬಿಗೆ, ನಿಜವಾದ ಲೋಹದ ಎಳೆಯಿರುವ ಜರಿಯಂಚಿಗೆ ಇದನ್ನು ಅಂಟಿಸುವುದು ವ್ಯರ್ಥ. ಜರಿಗೆ ಅಂಟಿನ ಕಲೆ ಬೇರೆ ಆಗುತ್ತದೆ.

ಬಟ್ಟೆಗೆ ಚುಚ್ಚುವ ಗಟ್ಟಿ ಟ್ಯಾಗ್ ನಿಮಗೆಲ್ಲ ಗೊತ್ತು. ಅದರೊಳಗಿನ ಬೀಗ ನನಗೆ ಬಹಳ ಇಷ್ಟವಾದ ವಸ್ತು. ಮೊಳೆ ಒಳಗೆ ಹೋಗುವ ರಂಧ್ರದ ಸುತ್ತ ಸಾಸಿವೆಯಷ್ಟು ಸಣ್ಣ ಉಕ್ಕಿನ ಗುಂಡುಗಳು, ಅವುಗಳನ್ನು ಇಳಿಜಾರಿನ ಕಡೆಗೆ ಒತ್ತುವ ಸ್ಪ್ರಿಂಗ್. ಮೊಳೆಯನ್ನು ಹೊರಗೆ ಎಳೆದಷ್ಟೂ ಗುಂಡುಗಳು ಬಿಗಿಯಾಗಿ ಕಚ್ಚುತ್ತವೆ. ಕೌಂಟರಿನ ಅಯಸ್ಕಾಂತ ಸ್ಪ್ರಿಂಗನ್ನು ಸೋಲಿಸಿ ಗುಂಡುಗಳನ್ನು ಕೆಳಗೆ ಎಳೆದಾಗ ಮಾತ್ರ ಬಿಡುತ್ತವೆ. ಆ ಅಯಸ್ಕಾಂತವನ್ನು ಮೇಜಿಗೆ ಸ್ಕ್ರೂ ಹಾಕಿ ಬಿಗಿಯಿರಿ. ಅದು ಟ್ರೇಯಲ್ಲಿ ಪೆನ್ನು, ಸ್ಟೇಪ್ಲರ್ ಜೊತೆ ಬಿದ್ದಿದ್ದರೆ ನೀವು ಬಾಗಿಲಿಗೆ ಖರ್ಚು ಮಾಡಿದ ದುಡ್ಡೆಲ್ಲ ನೀರಿಗೆ ಹೋದಂತೆ. ರೇಷ್ಮೆ ಸೀರೆಗೆ ಮೊಳೆ ಚುಚ್ಚಬೇಡಿ, ತೂತು ಉಳಿಯುತ್ತದೆ. ದಾರದ ಟ್ಯಾಗ್ ಬಳಸಿ. ಹಾಸಿನ ಮೇಲೆ ಕುಳಿತು ಸೀರೆ ಬಿಚ್ಚಿ ತೋರಿಸುವ ಕಡೆ ಟ್ಯಾಗ್ ಅಗತ್ಯವೇ ಇಲ್ಲ. ಅಲ್ಲಿ ಹಳೆಯ ಪದ್ಧತಿಯೇ ಕಾವಲು.

ಗೇಟನ್ನು ಮೋಸಗೊಳಿಸುವ ಉಪಾಯಗಳನ್ನೂ ಹೇಳಿ ಎಂದು ಒಬ್ಬರು ಮೊದಲೇ ಕೇಳಿದ್ದರು. ತುಂಬಿದ ಸಭೆಯಲ್ಲಿ ಅದನ್ನು ಹೇಳುವುದಿಲ್ಲ. ಉಪಾಯಗಳಿವೆ, ಪಳಗಿದ ಕಳ್ಳರಿಗೆ ಗೊತ್ತಿವೆ, ಗೇಟು ಅವರೆಲ್ಲರನ್ನೂ ತಡೆಯುವುದಿಲ್ಲ. ಅದು ತಡೆಯುವುದು ಮುಖ್ಯವಾಗಿ ಆಸೆ ಹುಟ್ಟಿದ ಗಳಿಗೆಯಲ್ಲಿ ಕೈಚಾಚುವವರನ್ನು. ಹಾಗೆ ತಡೆದದ್ದು ಯಾವ ಲೆಕ್ಕದ ಪುಸ್ತಕದಲ್ಲೂ ಕಾಣುವುದಿಲ್ಲ, ಆದರೆ ಗೇಟಿನ ಹೆಚ್ಚಿನ ದುಡಿಮೆ ಅದೇ.

ಈಗ ನಾನು ಹೇಳಲು ಬಂದ ಮಾತಿಗೆ ಬರುತ್ತೇನೆ.

ನಿಮ್ಮ ಕೈಯಲ್ಲಿರುವ ಲೇಬಲ್‌ಗೆ ಹೇಳಲು ಬರುವುದು ಒಂದೇ ಸಂಗತಿ: ನಾನು ಇಲ್ಲಿದ್ದೇನೆ. ತಾನು ಶಾಂಪೂ ಮೇಲಿದ್ದೇನೋ ಅಂಗಿಯ ಮೇಲಿದ್ದೇನೋ ಅದಕ್ಕೆ ಗೊತ್ತಿಲ್ಲ. ನಿಮ್ಮ ಅಂಗಡಿಯದೋ ಬೆಂಗಳೂರಿನ ಅಂಗಡಿಯದೋ ಗೊತ್ತಿಲ್ಲ. ಹಣ ಕೊಟ್ಟಿದ್ದಾರೋ ಇಲ್ಲವೋ ಗೊತ್ತಿಲ್ಲ. ಬಿಲ್ಲಿನ ಕಂಪ್ಯೂಟರಿಗೂ ಬಾಗಿಲ ಕಂಬಕ್ಕೂ ಸಾಮಾನ್ಯವಾಗಿ ಯಾವ ಸಂಬಂಧವೂ ಇರುವುದಿಲ್ಲ. ಆದರೂ ಗೇಟು ಕೂಗಿದ ಕೂಡಲೇ ಅಂಗಡಿಯ ಎಲ್ಲ ಕಣ್ಣುಗಳೂ ಬಾಗಿಲಲ್ಲಿರುವ ವ್ಯಕ್ತಿಯ ಮೇಲೆ ನೆಡುತ್ತವೆ, ತೀರ್ಪು ಹೊರಬಿದ್ದಂತೆ.

ಕೂಗು ಯಾಕೆ ಬಂದಿರಬಹುದು ನೋಡಿ. ಕೌಂಟರಿನಲ್ಲಿ ಟ್ಯಾಗ್ ತೆಗೆಯಲು ಮರೆತಿರಬಹುದು; ಅಂಗಡಿಗಳ ದಾಖಲೆ ಪುಸ್ತಕಗಳಲ್ಲಿ ನಾನು ಅತಿ ಹೆಚ್ಚು ಕಂಡ ಕಾರಣ ಇದೇ. ಪ್ಯಾಡಿನ ಮೇಲೆ ಸರಿಯಾಗಿ ಇಡದೆ ಲೇಬಲ್ ಅರೆಜೀವದಲ್ಲಿ ಉಳಿದಿರಬಹುದು. ಬೇರೆ ಊರಿನಲ್ಲಿ ಕೊಂಡ ವಸ್ತುವಿನ ಲೇಬಲ್ ಕೈಚೀಲದ ತಳದಲ್ಲಿರಬಹುದು. ನೆಲಕ್ಕೆ ಬಿದ್ದ ಲೇಬಲ್ ಯಾರದೋ ಚಪ್ಪಲಿಗೆ ಅಂಟಿರಬಹುದು. ಬಾಗಿಲ ಪಕ್ಕದ ಗೊಂಬೆಯ ಮೈಮೇಲಿನ ಅಂಗಿಗೆ ಟ್ಯಾಗ್ ಇದ್ದು, ಜನರ ನೂಕಾಟಕ್ಕೆ ಅದೇ ಗೇಟಿನ ಹತ್ತಿರ ಸರಿದಿರಬಹುದು. ಇದಲ್ಲದೆ ವಿದ್ಯುತ್ತಿನ ಕಾಟ ಬೇರೆ. ಕಳಪೆ ಎಲ್‌ಇಡಿ ದೀಪಕ್ಕೆ ವಿದ್ಯುತ್ ಹೊಂದಿಸಿಕೊಡುವ ಡ್ರೈವರ್ ಎಂಬ ಭಾಗ, ಇನ್ವರ್ಟರ್, ಗೇಟಿನ ಹತ್ತಿರ ಸುರುಳಿ ಸುತ್ತಿಟ್ಟ ವೈರು ಇವು ಗೇಟಿನ ಕಿವಿ ಕೆಡಿಸುತ್ತವೆ. ಈ ಊರಿನ ಒಂದು ಅಂಗಡಿಯಲ್ಲಿ ಕರೆಂಟ್ ಹೋಗಿ ಇನ್ವರ್ಟರ್ ಶುರುವಾದಾಗಲೆಲ್ಲ ಗೇಟು ಕೂಗುತ್ತಿತ್ತು. ಆ ಹೊತ್ತಿಗೆ ಬಾಗಿಲಲ್ಲಿ ಸಿಕ್ಕವರ ಚೀಲವನ್ನು ಕಾವಲುಗಾರ ತಡಕುತ್ತಿದ್ದ. ಕರೆಂಟ್ ಕಂಪನಿಯ ವೇಳಾಪಟ್ಟಿಯ ಪ್ರಕಾರ ಗಿರಾಕಿಗಳು ಕಳ್ಳರಾಗುತ್ತಿದ್ದರು!

ಸುಳ್ಳು ಕೂಗು ಹೆಚ್ಚಾದರೆ ಏನಾಗುತ್ತದೆ? ಕಾವಲುಗಾರ ಎಲ್ಲರನ್ನೂ ನಿಲ್ಲಿಸುವುದನ್ನು ಬಿಡುತ್ತಾನೆ. ಯಾರನ್ನು ನಿಲ್ಲಿಸಬೇಕು ಎಂದು ಮುಖ ನೋಡಿ ತೀರ್ಮಾನಿಸುತ್ತಾನೆ. ಕಾರಿನ ಕೀಲಿ ಕೈಯಲ್ಲಿರುವವರಿಗೆ ನಗುನಗುತ್ತಾ ದಾರಿ ಬಿಡುತ್ತಾನೆ. ಜಗಳೂರಿನ ಬಸ್ಸಿಳಿದು, ಮಗಳ ಮದುವೆಯ ಬಟ್ಟೆಗೆಂದು ದೊಡ್ಡ ಚೀಲ ಹಿಡಿದು ಬಂದ ಹೆಂಗಸನ್ನು ತಡೆಯುತ್ತಾನೆ. ಕಂಬಕ್ಕೆ ಜಾತಿ ಗೊತ್ತಿಲ್ಲ, ಧರ್ಮ ಗೊತ್ತಿಲ್ಲ, ಉಡುಪು ಕಾಣುವುದಿಲ್ಲ. ಅದರ ಕೂಗಿಗೆ ಇವನ್ನೆಲ್ಲ ಸೇರಿಸುವವರು ನಾವು. ಇದನ್ನು ನಾನು ಸಿಟ್ಟಿನಿಂದಲೇ ಹೇಳುತ್ತಿದ್ದೇನೆ. ಒಳ್ಳೆಯ ಯಂತ್ರವೊಂದನ್ನು ನಮ್ಮ ಹಳೆಯ ಅನುಮಾನಗಳ ಬಾಯಾಗಿ ಮಾಡಬಾರದು.

ಹಾಗಾದರೆ ಕೂಗಿದಾಗ ಏನು ಮಾಡಬೇಕು? ತಪ್ಪು ಅಂಗಡಿಯದು ಎಂದುಕೊಂಡೇ ಮಾತು ಆರಂಭಿಸಿ. “ಕ್ಷಮಿಸಿ, ಬಿಲ್ಲಿನ ಹತ್ತಿರ ಟ್ಯಾಗ್ ತೆಗೆಯುವುದು ಉಳಿದಿರಬೇಕು, ಒಂದು ನಿಮಿಷ ನೋಡಿಬಿಡೋಣ.” ಇಷ್ಟು ಸಾಕು. ದನಿ ಎತ್ತಬೇಡಿ. ಮೈ ಮುಟ್ಟಬೇಡಿ. ಮೊದಲು ಚೀಲವನ್ನು ಮಾತ್ರ ಗೇಟಿನ ನಡುವೆ ತನ್ನಿ, ಆಮೇಲೆ ಬಿಲ್ಲಿನೊಂದಿಗೆ ಹೋಲಿಸಿ. ಮಹಿಳೆಯಾಗಿದ್ದರೆ ಮಹಿಳಾ ಸಿಬ್ಬಂದಿಯೇ ಮಾತನಾಡಲಿ. ಟ್ಯಾಗ್ ಸಿಕ್ಕರೆ ತೆಗೆದು ಕ್ಷಮೆ ಕೇಳಿ. ಆಮೇಲೆ ಪುಸ್ತಕದಲ್ಲಿ ಬರೆಯಿರಿ: ಸಮಯ, ಸಿಕ್ಕ ಕಾರಣ, ಯಾವ ಕೌಂಟರಿನ ಬಿಲ್ಲು. ಗಿರಾಕಿಯ ಹೆಸರು ಬೇಡ. ಹೀಗೆ ಬರೆಯುತ್ತಾ ಹೋದರೆ ಯಾವ ಕೌಂಟರಿನ ಪ್ಯಾಡ್ ಕೆಟ್ಟಿದೆ ಎಂಬುದು ನನಗಿಂತ ಮೊದಲು ನಿಮಗೇ ತಿಳಿಯುತ್ತದೆ.

ಕಾನೂನನ್ನೂ ಸ್ವಲ್ಪ ತಿಳಿದಿರಿ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕಳ್ಳತನದ ವಿಷಯ ಅದರ 303ನೇ ಕಲಮಿನಲ್ಲಿದೆ. ಕದ್ದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಸಲ ಶಿಕ್ಷೆಗೆ ಗುರಿಯಾಗುತ್ತಿರುವವರು ವಸ್ತುವನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ, ಅವರಿಗೆ ಆ ಕಲಮು ಹೇಳುವ ಶಿಕ್ಷೆ ಸಮುದಾಯ ಸೇವೆ. ಸಣ್ಣ ಕಳ್ಳತನವನ್ನು ಕಾನೂನೇ ಇಷ್ಟು ಸಮಾಧಾನದಿಂದ ನೋಡುತ್ತಿರುವಾಗ ಹುಡುಗನೊಬ್ಬನನ್ನು ಗೋದಾಮಿನಲ್ಲಿ ಕೂರಿಸಿ ಹೆದರಿಸುವ ಹಕ್ಕು ನಮಗೆ ಎಲ್ಲಿಂದ ಬಂತು? ಅಕ್ರಮವಾಗಿ ತಡೆಯುವುದು ಅದೇ ಸಂಹಿತೆಯ 126ನೇ ಕಲಮಿನ, ಕೂಡಿಹಾಕುವುದು 127ನೇ ಕಲಮಿನ ಅಪರಾಧ. ಸಾಮಾನ್ಯ ನಾಗರಿಕರು ಯಾರನ್ನಾದರೂ ಹಿಡಿಯುವ ಬಗ್ಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಮು ಹೇಳುತ್ತದೆ: ಜಾಮೀನು ಸಿಗದ, ಪೊಲೀಸರು ನೇರವಾಗಿ ಕ್ರಮ ಕೈಗೊಳ್ಳಬಹುದಾದ ಅಪರಾಧ ಕಣ್ಣೆದುರಿಗೇ ನಡೆದಿರಬೇಕು, ಅಥವಾ ಆತ ಘೋಷಿತ ಅಪರಾಧಿಯಾಗಿರಬೇಕು, ಹಿಡಿದ ಮೇಲೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಗೇಟಿನ ಕೂಗು ಕಣ್ಣಾರೆ ಕಂಡದ್ದಕ್ಕೆ ಸಮವಲ್ಲ. ಕ್ಯಾಮೆರಾದ ಚಿತ್ರವನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿ “ಈ ಕಳ್ಳಿಯನ್ನು ಗುರುತಿಸಿ” ಎಂದು ಬರೆಯುವವರು ನ್ಯಾಯ ಸಂಹಿತೆಯ 356ನೇ ಕಲಮನ್ನು, ಅಂದರೆ ಮಾನನಷ್ಟದ ಕಲಮನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಇನ್ನೊಂದು ವಿಷಯ ಯಾರ ಗಮನಕ್ಕೂ ಬರುವುದಿಲ್ಲ. ನಮ್ಮ ಅಂಗಡಿಗಳಲ್ಲಿ ವಯಸ್ಸಾದವರಿಗೆಂದು ಬಾಗಿಲ ಬಳಿ, ಫ್ಯಾನಿನ ಕೆಳಗೆ ಒಂದು ಪ್ಲಾಸ್ಟಿಕ್ ಕುರ್ಚಿ ಇಡುವ ಒಳ್ಳೆಯ ರೂಢಿಯಿದೆ. ಗೇಟು ಬಂದ ಮೇಲೆ ಆ ಕುರ್ಚಿ ಸರಿಯಾಗಿ ಕಂಬದ ಪಕ್ಕಕ್ಕೆ ಬಂದಿರುತ್ತದೆ. ಎದೆಯಲ್ಲಿ ಪೇಸ್‌ಮೇಕರ್ ಅಥವಾ ಹೃದಯದ ಬಡಿತ ಸರಿಪಡಿಸುವ ಬೇರೆ ಉಪಕರಣ ಇರುವವರು ಇಂಥ ಗೇಟಿನ ನಡುವೆ ಮಾಮೂಲಿ ವೇಗದಲ್ಲಿ ದಾಟಿಹೋಗಬಹುದು, ಆದರೆ ಅಲ್ಲಿ ನಿಲ್ಲಬಾರದು, ಕಂಬಕ್ಕೆ ಒರಗಬಾರದು ಎಂಬುದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ನೀಡಿರುವ ಸಲಹೆ. ದೊಡ್ಡ ಆಸ್ಪತ್ರೆಗಳಿರುವ ಊರು ಇದು. ಡಾಕ್ಟರಿಗೆ ತೋರಿಸಿಕೊಂಡು ಹಾಗೇ ಬಟ್ಟೆ ಕೊಳ್ಳಲು ಬರುವವರು ಎಷ್ಟೋ ಮಂದಿ. ಇವತ್ತು ಸಂಜೆ ಅಂಗಡಿಗೆ ಹೋದವರು ಮೊದಲು ಆ ಕುರ್ಚಿಯನ್ನು ಒಳಗೆ ಸರಿಸಿ. ಕೂಗಿದಾಗ ಅಜ್ಜನನ್ನು ಗೇಟಿನಲ್ಲಿ ಹಿಂದೆ ಮುಂದೆ ನಾಲ್ಕು ಸಲ ನಡೆಸಬೇಡಿ.

ಆರ್‌ಎಫ್‌ಐಡಿ, ಅಂದರೆ ರೇಡಿಯೋ ತರಂಗದಿಂದ ಪ್ರತಿ ವಸ್ತುವಿನ ಗುರುತು ಓದುವ ಟ್ಯಾಗ್ ಬಗ್ಗೆ ಕೇಳುವವರಿದ್ದೀರಿ. ಹೆಬ್ಬಾಳು ಟೋಲ್‌ನಲ್ಲಿ ಗಾಡಿಯ ಗಾಜಿನ ಮೇಲಿನ ಫಾಸ್ಟ್ಯಾಗ್ ಕೆಲಸ ಮಾಡುವುದು ಇದೇ ತಂತ್ರದಿಂದ. ಇದರಲ್ಲಿ ಚಿಪ್ ಇದೆ, ಪ್ರತಿ ವಸ್ತುವಿಗೂ ಬೇರೆ ಬೇರೆ ಸಂಖ್ಯೆ ಇದೆ. ನಮ್ಮ ದೇಶದಲ್ಲಿ ಇದಕ್ಕಾಗಿ 865ರಿಂದ 867 ಮೆಗಾಹರ್ಟ್ಸ್ ತರಂಗಗಳನ್ನು 2005ರಲ್ಲೇ ಲೈಸೆನ್ಸ್‌ನಿಂದ ಮುಕ್ತಗೊಳಿಸಲಾಗಿದೆ. ಬಿಲ್ಲಿನ ಕಂಪ್ಯೂಟರಿಗೆ ಜೋಡಿಸಿದರೆ ನೀಲಿ ಅಂಗಿಯ ಹಣ ಬಂದಿದೆ, ಕೆಂಪಿನದು ಬಂದಿಲ್ಲ ಎಂದು ಬಾಗಿಲಲ್ಲೇ ತಿಳಿಯುತ್ತದೆ. ಸುಳ್ಳು ಕೂಗಿನ ಅವಮಾನ ಇದರಿಂದ ಬಹಳ ಕಡಿಮೆಯಾಗಬಹುದು ಎಂಬ ಕಾರಣಕ್ಕೇ ನನಗೆ ಇದರ ಮೇಲೆ ಭರವಸೆ. ಆದರೆ ನೀವು ಪ್ರತಿಯೊಂದು ವಸ್ತುವನ್ನೂ ಲೆಕ್ಕಕ್ಕೆ ಹತ್ತಿಸುವ ಶಿಸ್ತು ಇಟ್ಟುಕೊಳ್ಳಬೇಕು. ಅದಿಲ್ಲದಿದ್ದರೆ ಚಿಪ್ ಇದ್ದೂ ಇಲ್ಲದಂತೆ.

ಕಡೆಯದಾಗಿ ಮಾಲೀಕರಿಗೆ ಒಂದು ಮಾತು. ವರ್ಷದ ಕೊನೆಗೆ ಸರಕು ಎಣಿಸಿದಾಗ ಕಡಿಮೆ ಬಿದ್ದದ್ದೆಲ್ಲ ಬಾಗಿಲಿನಿಂದ ಹೋದದ್ದಲ್ಲ. ಸರಬರಾಜುದಾರರು ಕಡಿಮೆ ಕಳುಹಿಸಿರಬಹುದು, ಬಿಲ್ಲಿನಲ್ಲಿ ತಪ್ಪು ಕೋಡ್ ಬಿದ್ದಿರಬಹುದು, ಹಾಳಾದದ್ದನ್ನು ಬರೆದಿಡದೆ ಎಸೆದಿರಬಹುದು, ಹಿಂಬಾಗಿಲಿನಿಂದ ಹೋಗಿರಬಹುದು. ಗೇಟು ಇವುಗಳಲ್ಲಿ ಒಂದನ್ನೂ ಕಾಣುವುದಿಲ್ಲ. ಗೇಟು ಹಾಕಿಸುವ ಮುಂಚೆ ಮೂರು ತಿಂಗಳು ವಾರಕ್ಕೊಮ್ಮೆ ಸರಕು ಎಣಿಸಿ ನೋಡಿ. ನಷ್ಟ ಯಾವ ಕಪಾಟಿನದು ಎಂದು ತಿಳಿದರೆ ಎಲ್ಲಕ್ಕೂ ಟ್ಯಾಗ್ ಹಾಕುವ ಖರ್ಚು ತಪ್ಪುತ್ತದೆ.

ಪ್ರಶ್ನೆಗಳಿದ್ದರೆ ಕೇಳಿ.

ಸಣ್ಣ ಅಂಗಡಿಯ ಮಾಲೀಕರೊಬ್ಬರು ಕೇಳಿದರು: ನನ್ನದು ಒಂದೇ ಬಾಗಿಲಿನ ದಿನಸಿ ಅಂಗಡಿ, ಇಬ್ಬರು ಹುಡುಗರಿದ್ದಾರೆ, ನನಗೆ ಗೇಟು ಬೇಕೇ?

ಬೇಡ. ನಾನು ಮಾರುವವನೇ ಹೇಳುತ್ತಿದ್ದೇನೆ, ಬೇಡ. ಬೆಲೆಬಾಳುವ ಹತ್ತು ಹದಿನೈದು ವಸ್ತುಗಳನ್ನು ಗಲ್ಲಾಪೆಟ್ಟಿಗೆಯ ಹಿಂದಿನ ಕಪಾಟಿಗೆ ತನ್ನಿ. ಒಳಗಿನ ಸಾಲಿನ ಕತ್ತಲೆಗೆ ಒಂದು ಒಳ್ಳೆಯ ದೀಪ ಹಾಕಿ. ಒಳಗೆ ಬಂದವರನ್ನು ಹುಡುಗರು ಮುಖ ನೋಡಿ “ಬನ್ನಿ, ಏನು ಬೇಕಿತ್ತು?” ಎಂದು ಕೇಳಲಿ. ಆಸೆಗೆ ಕೈಚಾಚುವವರಲ್ಲಿ ಹೆಚ್ಚಿನವರು ಅಷ್ಟಕ್ಕೇ ಸುಮ್ಮನಾಗುತ್ತಾರೆ.

ಹಿಂದಿನ ಸಾಲಿನಲ್ಲಿದ್ದ, ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಯುವತಿಯ ಪ್ರಶ್ನೆ: ಗೇಟು ಕೂಗಿದರೂ ನಿಲ್ಲದೆ ಹೋದರೆ ನಾವು ಏನು ಮಾಡಬೇಕು? ಅಂಗಿ ಹೋದರೆ ನಮ್ಮ ಸಂಬಳದಲ್ಲಿ ಹಿಡಿಯುತ್ತಾರೆ.

ಹೋಗಲು ಬಿಡಿ. ಅಂಗಿಯೊಂದಕ್ಕಾಗಿ ಪಿ.ಬಿ. ರಸ್ತೆಯ ಲಾರಿಗಳ ನಡುವೆ ಯಾರ ಹಿಂದೆಯೂ ಓಡಬೇಡಿ. ಸಮಯ ಬರೆದಿಟ್ಟು ಮ್ಯಾನೇಜರಿಗೆ ತಿಳಿಸಿ. ಕ್ಯಾಮೆರಾದ ದೃಶ್ಯ ಅಳಿಸಿಹೋಗದಂತೆ ಅವರು ತೆಗೆದಿಡಲಿ, ದೂರು ಕೊಡುವುದಿದ್ದರೆ ಪೊಲೀಸರಿಗೆ ಕೊಡಲಿ. ಸಂಬಳದ ವಿಷಯ: ನಿಮ್ಮ ಸುಪರ್ದಿಗೆ ಒಪ್ಪಿಸಿದ ವಸ್ತು ನಿಮ್ಮ ನಿರ್ಲಕ್ಷ್ಯದಿಂದಲೇ ಹೋಯಿತು ಎಂದು ತೋರಿಸದೆ, ನಿಮಗೆ ವಿವರಣೆ ಕೊಡಲು ಅವಕಾಶವನ್ನೂ ಕೊಡದೆ ಹಣ ಹಿಡಿಯಲು ವೇತನದ ಕಾನೂನು ಒಪ್ಪುವುದಿಲ್ಲ. ಹಬ್ಬದ ನೂಕುನುಗ್ಗಲಿನಲ್ಲಿ ನೂರಾರು ಜನರ ನಡುವೆ ಕಳೆದುಹೋದ ಅಂಗಿಗೆ ನೀವು ಹೊಣೆಯಲ್ಲ. ಮುಂದಿನ ಸಾಲಿನಲ್ಲಿ ಮಾಲೀಕರು ಕುಳಿತಿದ್ದಾರೆ, ಕೇಳಿಸಿಕೊಂಡಿದ್ದಾರೆ. ಈ ಮಾತನ್ನು ಅವರ ಜೊತೆ ಇವತ್ತೇ, ನಾನು ಇಲ್ಲಿರುವಾಗಲೇ ಮುಗಿಸೋಣ. ವೇದಿಕೆಯ ಪಕ್ಕಕ್ಕೆ ಬನ್ನಿ.